ಅಳಿಯನ ಅಗ್ಗಿಷ್ಟಿಕೆ

ಅಮೆರಿಕದ ಗಂಡಸರಿಗೆ ಅಡುಗೆಯ ಉಮೇದು ಋತುಮಾನ ನೋಡಿಕೊಂಡು ಬರುತ್ತದೆ. ಮೇ ತಿಂಗಳ ಕೊನೆಯ ಸೋಮವಾರ, ಅಂದರೆ ಮೆಮೋರಿಯಲ್ ಡೇ ಹೊತ್ತಿಗೆ ಚಿಗುರಿ, ಜುಲೈ 4ರ ಸ್ವಾತಂತ್ರ್ಯದ ದಿನಕ್ಕೆ ಹೂಬಿಟ್ಟು, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆಯುತ್ತಲೇ ಉದುರಿಹೋಗುತ್ತದೆ. ಉಪ್ಪಿನ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ವರ್ಷವಿಡೀ ಅರಿಯದವರು ಆಗ ಏಪ್ರನ್ ಕಟ್ಟಿ, ಉದ್ದನೆಯ ಇಕ್ಕಳ ಹಿಡಿದು ಹಿತ್ತಲಿನಲ್ಲಿ ನಿಲ್ಲುತ್ತಾರೆ. ಶಿಕಾಗೋದ ಹೊರವಲಯದಲ್ಲಿರುವ ನನ್ನ ಅಳಿಯ ಹಾಸನದ ಕಡೆಯ ಹುಡುಗ. ಆದರೂ ಬಾರ್ಬೆಕ್ಯೂ ವಿಷಯದಲ್ಲಿ ಅವನ ನಿಷ್ಠೆಯ ಮುಂದೆ ಅಲ್ಲಿಯವರೇ ಸಪ್ಪೆ.

ಜುಲೈ 4ಕ್ಕೆ ನೆಂಟರಿಷ್ಟರನ್ನು ಕರೆದಿದ್ದ. ಹಿಂದಿನ ರಾತ್ರಿಯೇ ಸಿದ್ಧತೆ. ಮಗಳು ಕೋಳಿಗೆ ಮಸಾಲೆ ಸವರಿದಳು, ಪನೀರಿಗೆ ಬೇರೆ ಮಸಾಲೆ ಅರೆದಳು, ಈರುಳ್ಳಿ ಹೆಚ್ಚಿದಳು, ಬಿದಿರಿನ ಕಡ್ಡಿಗಳನ್ನು ನೀರಿಗೆ ಹಾಕಿದಳು. ನೆನೆಯದ ಕಡ್ಡಿ ಪನೀರಿಗಿಂತ ಮೊದಲೇ ಹೊತ್ತಿಕೊಳ್ಳುತ್ತದಂತೆ. ಅಳಿಯ ಒಲೆಯನ್ನು ಉಜ್ಜಿ ಹೊಳಪಿಸಿ, ಗಂಟೆಗೊಮ್ಮೆ ಫೋನಿನಲ್ಲಿ ಮಳೆಯ ಮುನ್ಸೂಚನೆ ನೋಡಿದ. ಇಬ್ಬರೂ ಸಮನಾಗಿ ದಣಿದು ಮಲಗಿದರು.

ಗುಂಡಗೆ ಹೊಟ್ಟೆ ಉಬ್ಬಿಸಿಕೊಂಡು ಮೂರು ಕಾಲಿನ ಮೇಲೆ ನಿಂತ ಆ ಒಲೆ ಹುಟ್ಟಿದ್ದೂ ಶಿಕಾಗೋದಲ್ಲೇ. ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಗುರುತುಬುರುಡೆಗಳನ್ನು ಮಾಡುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ ಎಂಬಾತ, ಗಾಳಿಗೆ ಬೂದಿ ಹಾರಿ ಮಾಂಸದ ಮೇಲೆ ಕೂರುವುದನ್ನು ಸಹಿಸಲಾರದೆ, 1952ರಲ್ಲಿ ಅಂಥದೊಂದು ಬುರುಡೆಯನ್ನು ಎರಡು ಹೋಳಾಗಿಸಿ ಕೆಳಗಿನದನ್ನು ಒಲೆ, ಮೇಲಿನದನ್ನು ಮುಚ್ಚಳ ಮಾಡಿಕೊಂಡ. ಅದರೊಳಗೆ ಹಾಕುವ ಇದ್ದಿಲಿನ ಬಿಲ್ಲೆಗಳನ್ನು ಮನೆಮನೆಗೆ ತಲುಪಿಸಿದವನು ಹೆನ್ರಿ ಫೋರ್ಡ್. ಮಾಡೆಲ್ ಟಿ ಕಾರಿನ ಮರಗೆಲಸದಲ್ಲಿ ಉಳಿದ ಚೂರು, ಹೊಟ್ಟುಗಳನ್ನು ಬಿಸಾಡಲು ಮನಸ್ಸಾಗದೆ, 1920ರ ದಶಕದಲ್ಲಿ ಅದನ್ನೆಲ್ಲ ಸುಟ್ಟು ಬಿಲ್ಲೆ ಮಾಡಿಸಿ, ಕಾರಿನ ಅಂಗಡಿಗಳಲ್ಲೇ ಮಾರಿಸಿದ. ನನಗೆ ಆ ಜುಗ್ಗುತನ ಹಿಡಿಸಿತು. ಅಮ್ಮನೂ ಬಚ್ಚಲೊಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಆರಿದ ಇದ್ದಿಲನ್ನು ಇಸ್ತ್ರಿಪೆಟ್ಟಿಗೆಗೆಂದು ಡಬ್ಬದಲ್ಲಿ ತುಂಬಿಡುತ್ತಿದ್ದಳು. ಕಾರೊಂದು ಇರಲಿಲ್ಲ, ಅಷ್ಟೆ.

ಅಳಿಯ ತಗಡಿನ ಕೊಳವೆಯೊಂದರಲ್ಲಿ ಇದ್ದಿಲು ತುಂಬಿ, ಅಡಿಗೆ ಕಾಗದ ಮುದುರಿಟ್ಟು ಕಡ್ಡಿ ಗೀರಿದ.

"ಊದೋದು ಬೇಡ್ವೇನಪ್ಪ?"

"ಬೇಡ ಮಾವ, ಕೆಳಗಿಂದ ತಾನೇ ಗಾಳಿ ಎಳ್ಕೊಳ್ಳುತ್ತೆ. ನೀವು ಕೂತ್ಕೊಳ್ಳಿ."

ಕೂತೆ. ಅಮ್ಮನ ಊದುಗೊಳವೆ ನೆನಪಾಯಿತು. ಮಳೆಗಾಲದ ಹಸಿಸೌದೆಗೆ ಅವಳು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಸೆರಗಿನಿಂದ ಒರೆಸಿಕೊಳ್ಳುವಾಗ, "ಯಾಕಮ್ಮ ಅಳ್ತಿದೀಯ?" ಎಂದು ಕೇಳಿದರೆ "ಹೊಗೆ ಕಣೋ" ಎನ್ನುತ್ತಿದ್ದಳು. ನಮ್ಮ ಮನೆಯ ಕಣ್ಣೀರೆಲ್ಲ ಹೊಗೆಯ ಲೆಕ್ಕಕ್ಕೇ ಜಮೆಯಾಗುತ್ತಿತ್ತು. ಗ್ಯಾಸ್ ಬಂದ ಮೇಲೆ ಅವಳಿಗೆ ಆ ಅನುಕೂಲ ತಪ್ಪಿತು.

ಕರೆದದ್ದು ನಾಲ್ಕು ಗಂಟೆಗೆ. ನಾಲ್ಕಕ್ಕೆ ಸರಿಯಾಗಿ ಬಂದದ್ದು ಕೆಂಡ ಮಾತ್ರ. ಬಿಲ್ಲೆಗಳು ಬೂದಿ ಹೊದ್ದು, ಹದವಾಗಿ ಕಾದು, ಯಾರೂ ಬಾರದ್ದರಿಂದ ನಿಧಾನವಾಗಿ ಬಾಡತೊಡಗಿದವು. ಐದೂವರೆಗೆ ಕಾರುಗಳ ಸಾಲು ಕಂಡಿತು. ಅಳಿಯ ಬೇಸರ ಮಾಡಿಕೊಳ್ಳದೆ ಎರಡನೇ ಕೊಳವೆ ಹೊತ್ತಿಸಿದ. ಮೊದಲ ಕೆಂಡ ವ್ಯರ್ಥವಾಗಬಾರದೆಂದು ಮಗಳು ದಪ್ಪನೆಯ ಎರಡು ಬದನೆಕಾಯಿ ತಂದು ಅದರೊಳಗೆ ಹೂತಳು. ಆಮೇಲೆ ಸಿಪ್ಪೆ ಸುಲಿದು, ಕಿವುಚಿ, ಅಜ್ಜಿ ಮಾಡುತ್ತಿದ್ದ ಗೊಜ್ಜು ಮಾಡಿದಳು.

ಕೆಂಡವನ್ನು ಒಂದು ಮಗ್ಗುಲಿಗೆ ಒಟ್ಟಿದರೆ ಅಲ್ಲಿ ಬಿರುಸು ಉರಿ, ಇನ್ನೊಂದು ಮಗ್ಗುಲಿಗೆ ಹಿತವಾದ ಕಾವು. ಬಲ್ಲವರು ಹಾಗೆ ಮಾಡುತ್ತಾರೆ. ನಮ್ಮವರಿಗೆ ಬೇಕಾದ ವಿಭಜನೆಯೇ ಬೇರೆ. "ನಮ್ಮದು ಯಾವ ಕಡೆ?" ಎಂದು ಬಂದವರೆಲ್ಲ ಕೇಳಿದರು. ಅಲ್ಯೂಮಿನಿಯಂ ಹಾಳೆ ಮಡಚಿ ಗಡಿ ಹಾಕಿದ್ದಾಯಿತು, ಇಕ್ಕಳವೂ ಎರಡಾಯಿತು. ಆದರೂ ಒಂದು ಜೋಳದ ತೆನೆ ಉರುಳಿ ಕೋಳಿಯ ರಾಜ್ಯ ಸೇರಿಬಿಟ್ಟಿತು. ಎಲ್ಲರೂ ಮೌನವಾದರು. ನನ್ನ ವಯಸ್ಸಿನ ಕಟ್ಟಾ ಸಸ್ಯಾಹಾರಿಯೊಬ್ಬರು ಅದನ್ನೇ ಎತ್ತಿಕೊಂಡು, "ಬೆಂಕಿಗೆಂಥ ಮೈಲಿಗೆ ಬಿಡಿ" ಎಂದು ನಿಂಬೆಹೋಳು ತಿಕ್ಕಿದರು. ಅವರ ಹೆಂಡತಿ ಆಗ ಒಳಗೆ ಕೋಸಂಬರಿ ಕಲಸುತ್ತಿದ್ದರು ಎಂಬುದನ್ನೂ ಹೇಳಬೇಕು.

ಅಳಿಯ ಕೋಳಿಗೆ ಥರ್ಮಾಮೀಟರ್ ಚುಚ್ಚಿದಾಗಲೆಲ್ಲ ಸುತ್ತ ನಿಂತ ಗಂಡಸರು ಉಸಿರು ಬಿಗಿಹಿಡಿದರು. 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮುಟ್ಟಿದಾಗ ಚಪ್ಪಾಳೆ! ಅಷ್ಟು ಹೊತ್ತೂ ಅವನು ಒಂದು ತುತ್ತು ತಿಂದಿರಲಿಲ್ಲ. ಮಗಳು ಬಂದು ಪನೀರಿನ ಚೂರೊಂದನ್ನು ಬಾಯಿಗಿಟ್ಟು ಹೋದಳು. ಇಷ್ಟಾಗಿಯೂ ಮೊದಲು ಖಾಲಿಯಾದದ್ದು ಯಾರೋ ತಂದಿದ್ದ ಮೊಸರನ್ನದ ತಟ್ಟೆ.

ಶಿಕಾಗೋದಲ್ಲಿ ಜುಲೈಯ ಬೆಳಕು ಎಂಟೂವರೆಯವರೆಗೂ ಇರುತ್ತದೆ. ಕತ್ತಲಾದ ಮೇಲೆ ಅತಿಥಿಗಳು ಹೊರಟರು. ಪ್ರತಿಯೊಬ್ಬರೂ ಬಾಗಿಲಲ್ಲಿ ಅಳಿಯನ ಕೈಕುಲುಕಿ, "ಏನ್ರೀ ನಿಮ್ಮ ಕೈರುಚಿ!" ಎಂದರು. ಅವನು ಪ್ರಾಮಾಣಿಕ. "ಮಸಾಲೆಯೆಲ್ಲ ಇವಳದೇ" ಎಂದ. "ವಿನಯ ನೋಡಿ!" ಎಂದು ಅವರು ಇನ್ನಷ್ಟು ಹೊಗಳಿದರು. ಮಗಳು ಹಿಂದೆ ನಿಂತು ಡಬ್ಬಗಳಿಗೆ ಮುಚ್ಚಳ ಹೊಂದಿಸುತ್ತಿದ್ದಳು.

ನಮ್ಮಪ್ಪ ಎಲೆ ಬಿಟ್ಟು ಏಳುವಾಗ "ಉಪ್ಪು ಒಂಚೂರು ಮುಂದಾಯ್ತು" ಎನ್ನುತ್ತಿದ್ದರು. ಏನೂ ಹೇಳದೆ ಎದ್ದ ದಿನ ಅಮ್ಮ ಮಧ್ಯಾಹ್ನವೆಲ್ಲ ಗೆಲುವಾಗಿರುತ್ತಿದ್ದಳು.

"ಅಪ್ಪ, ಗೊಜ್ಜು ಅಜ್ಜಿ ಮಾಡ್ದಂಗೇ ಆಗಿತ್ತಾ?" ಮಗಳು ಕೇಳಿದಳು.

ಕಾರು ಹತ್ತುತ್ತಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಬಹಳ ಚೆನ್ನಾಗಿತ್ತಮ್ಮ! ಉಪ್ಪು, ಹುಳಿ ಎಲ್ಲಾ ಸರಿಯಾಗಿತ್ತು!" ಎಂದೆ.

"ಯಾಕಪ್ಪ ಅಷ್ಟು ಕೂಗ್ತೀಯ? ಇಲ್ಲೇ ಇದ್ದೀನಲ್ಲ" ಎಂದಳು.