ಹಿಡಿದವನ ಪಾಲಿನ ತಲೆ

ನಮ್ಮ ಮನೆಯಲ್ಲೊಂದು ಕಟ್ಟಳೆಯಿತ್ತು: ಮೀನಿನ ತಲೆ ಹಿಡಿದವನಿಗೆ. ತೀರ್ಥಹಳ್ಳಿಯ ಕಡೆ, ತುಂಗೆಗೆ ಕೂಗಳತೆಯಲ್ಲಿದ್ದ ಮನೆ. ಮುಂಗಾರಿನ ಮೊದಲ ಮಳೆಗೆ ಗದ್ದೆ ಪಕ್ಕದ ಹಳ್ಳಕ್ಕೆ ಹತ್ತುಮೀನು ಏರಿ ಬಂತೆಂದರೆ ಅಪ್ಪ, ಚಿಕ್ಕಪ್ಪ ಕಂಬಳಿಕೊಪ್ಪೆ ಹಾಕಿಕೊಂಡು, ಮೀನು ಹಿಡಿಯುವ ಕೂಣಿ ಹೊತ್ತು ಹೊರಡುತ್ತಿದ್ದರು. ಸಾರು ಎಷ್ಟು ಜನಕ್ಕೆ ಹಂಚಿದರೂ ತಲೆ ಮಾತ್ರ ಅವರಿಬ್ಬರ ಬಟ್ಟಲಿಗೇ. ಅಮ್ಮ ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ, ತಡಕಿ, ತಲೆಯನ್ನು ಎತ್ತಿ ಬಡಿಸುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ನನ್ನ ಸರದಿ ಬರುವ ಮೊದಲೇ ಓದು, ಹಾಸ್ಟೆಲ್ಲು, ಕೆಲಸ ಒಂದರ ಹಿಂದೊಂದು ಬಂದವು. ಹಳ್ಳ ಅಲ್ಲೇ ಉಳಿಯಿತು.

ಕಳೆದ ಸೆಪ್ಟೆಂಬರಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಬೆಂಡ್ ಎಂಬ ಊರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಭಾವನೂ ನಮ್ಮ ಮಲೆನಾಡಿನವರೇ. ಹೋದ ಮಾರನೆಯ ದಿನ ಕತ್ತಲಿರುವಾಗಲೇ ನನ್ನನ್ನು ಎಬ್ಬಿಸಿ ಕಾರಿಗೆ ಹತ್ತಿಸಿದರು. ಅರವತ್ತು ಕಿಲೋಮೀಟರಿನಷ್ಟು ದಾರಿ, ಎರಡೂ ಬದಿಗೆ ಪೈನ್ ಮರಗಳು. ಕೊನೆಗೆ ಸಿಕ್ಕಿದ್ದು ಲಾವಾ ಲೇಕ್. ಕ್ಯಾಸ್ಕೇಡ್ ಪರ್ವತಸಾಲಿನ ನಡುವೆ, ಸಮುದ್ರಮಟ್ಟದಿಂದ ಸುಮಾರು 4,700 ಅಡಿ ಎತ್ತರದಲ್ಲಿ, ಹಳೆಯ ಲಾವಾ ಕಲ್ಲುಗಳ ಅಂಚಿಗೆ ಒರತೆ ನೀರಿನಿಂದ ತುಂಬಿಕೊಂಡ ಕೆರೆ. ಅದರ ಮಗ್ಗುಲಲ್ಲಿ ಇನ್ನೊಂದು ಪುಟ್ಟ ಕೆರೆಯಿದೆ. ಡೆಶೂಟ್ಸ್ ನದಿ ಹುಟ್ಟುವುದು ಅಲ್ಲಿ. ಮೊದಲು ದಕ್ಷಿಣಕ್ಕೆ ಹರಿದು, ಆಮೇಲೆ ಉತ್ತರಕ್ಕೆ ತಿರುಗಿ, ಸುಮಾರು 400 ಕಿಲೋಮೀಟರ್ ಸಾಗಿ ಕೊಲಂಬಿಯಾ ನದಿಯನ್ನು ಸೇರುತ್ತದೆ. ತುಂಗೆ ಹುಟ್ಟುವ ಗಂಗಾಮೂಲವನ್ನು ನೋಡಿದವನಿಗೆ ನದಿಯ ತಲೆಯ ಹತ್ತಿರ ನಿಂತಾಗ ಮಾತು ತಾನಾಗಿ ತಗ್ಗುತ್ತದೆ.

ಭಾವ ಡಿಕ್ಕಿಯಿಂದ ಎರಡು ಫ್ಲೋಟ್ ಟ್ಯೂಬ್ ತೆಗೆದು ಪಂಪು ಒತ್ತತೊಡಗಿದರು. ಹಿಂದೆಲ್ಲ ಲಾರಿಯ ಟ್ಯೂಬಿನ ನಡುವೆ ಕ್ಯಾನ್ವಾಸಿನ ಕೂರುಪಟ್ಟಿ ಹೊಲಿದು ಮಾಡಿಕೊಳ್ಳುತ್ತಿದ್ದ ಸಾಧನ ಇದು. ಈಗಿನದು ಕುದುರೆಲಾಳದ ಹಾಗೆ ಮುಂದೆ ತೆರೆದಿರುತ್ತದೆ, ಬೆನ್ನಿಗೆ ಒರಗು, ಎರಡು ಪಕ್ಕಕ್ಕೂ ಜೇಬು. ಹುಟ್ಟು, ಮೋಟಾರು ಯಾವುದೂ ಇಲ್ಲ. ಎದೆಯವರೆಗೆ ಬರುವ, ನೀರು ಇಳಿಯದ ವೇಡರ್ ತೊಟ್ಟು, ಲೈಫ್ ಜಾಕೆಟ್ ಬಿಗಿದು, ಕಾಲಿಗೆ ಬಾತಿನ ಪಾದದಂಥ ಈಜುರೆಕ್ಕೆ ಕಟ್ಟಿಕೊಳ್ಳಬೇಕು. ಆ ರೆಕ್ಕೆ ಕಟ್ಟಿದ ಮೇಲೆ ಮುಂದಕ್ಕೆ ನಡೆಯಲಾಗದು. ಹಾಗಾಗಿ ಟ್ಯೂಬನ್ನು ಸೊಂಟಕ್ಕೆ ಹಿಡಿದು, ದಡಕ್ಕೆ ಮುಖ ಮಾಡಿ, ಒಂದೊಂದೇ ಹೆಜ್ಜೆ ಹಿಂದಿಡುತ್ತ ಕೆರೆಗೆ ಇಳಿದೆ. ನೀರು ತೊಡೆಗೆ ಬಂದಾಗ ಕೂತೆ. ನೆಲ ಬಿಟ್ಟುಹೋಯಿತು.

ದೋಣಿಯಲ್ಲಿ ನಾವು ನೀರಿನ ಮೇಲಿರುತ್ತೇವೆ, ಇಲ್ಲಿ ನೀರಿನೊಳಗೇ. ವೇಡರಿನ ಆಚೆಗಿನ ತಣ್ಣೀರು ಕಾಲನ್ನು ಸುತ್ತಲಿಂದ ಮೆತ್ತಗೆ ಅಮುಕಿ ಹಿಡಿದಿರುತ್ತದೆ. ಕಣ್ಣು ನೀರಿನ ಮಟ್ಟಕ್ಕೆ ಹತ್ತಿರವಾಗಿ, ಅದರ ಮೇಲೆ ಇಳಿಯುವ ಒಂದು ಸಣ್ಣ ಹುಳವೂ ದೊಡ್ಡದಾಗಿ ಕಾಣುತ್ತದೆ. ಮಂಜು ಹೊಗೆಯಾಡುತ್ತಿತ್ತು. ಅದರಾಚೆ ಸೌತ್ ಸಿಸ್ಟರ್ ಎಂಬ 10,358 ಅಡಿಯ ಜ್ವಾಲಾಮುಖಿಯ ನೆತ್ತಿಗೆ ಬಿಸಿಲು ತಾಗಿ ನಿಧಾನವಾಗಿ ಇಳಿದು ಬರುತ್ತಿತ್ತು.

ಕಾಲು ಬಡಿದರೆ ಟ್ಯೂಬು ಹೋಗುವುದು ಬೆನ್ನಿನ ದಿಕ್ಕಿಗೆ. ಸೇರಬೇಕಾದ ಜಾಗ ಬೆನ್ನ ಹಿಂದೆ, ಬಿಟ್ಟುಬಂದ ದಡ ಕಣ್ಣ ಮುಂದೆ. ಮೊದಮೊದಲು ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದೆ. ಅರ್ಧ ಗಂಟೆಯ ನಂತರ ಅದು ಬೇಡವಾಯಿತು. ಕಾರು ಚಿಕ್ಕದಾಯಿತು, ಆಮೇಲೆ ಮರಗಳು, ಆಮೇಲೆ ದಡವೇ ಒಂದು ಗೆರೆಯಾಯಿತು. ಮುಂದೇನು ಎಂದು ಕೇಳುತ್ತಲೇ ಇಷ್ಟು ವರ್ಷ ಓಡಿದವನಿಗೆ, ಹಿಂದಿನದನ್ನು ಇಷ್ಟು ಸಾವಕಾಶವಾಗಿ ನೋಡುತ್ತ ಕೂಡ ಸಾಗಬಹುದು ಎಂಬುದು ಆ ಬೆಳಿಗ್ಗೆ ತಿಳಿಯಿತು. ಅಪ್ಪನ ಕೂಣಿ, ಹಳ್ಳದ ಕೆಂಪು ನೀರು, ಅಮ್ಮನ ಸೌಟು ಎಲ್ಲ ಬಂದದ್ದು ಹಾಗೆಯೇ. ನಾನು ಕರೆದಿರಲಿಲ್ಲ.

"ಕಾಲು ನಿಧಾನ ಮಾರಾಯ. ನೀ ಓಡಿದ್ರೆ ಮೀನೂ ಓಡ್ತದೆ," ಎಂದರು ಭಾವ.

ನನ್ನ ದಾರದ ತುದಿಗೆ ಅವರು ಕಟ್ಟಿಕೊಟ್ಟದ್ದು ವುಲ್ಲಿ ಬಗರ್ ಎಂಬ ಕೃತಕ ಹುಳ. ಕೊಕ್ಕೆಗೆ ಸುತ್ತಿದ ಹಸಿರು ಎಳೆ, ಹಿಂದೆ ಮೆತ್ತನೆಯ ಗರಿಯ ಬಾಲ. ನೀರಿನಲ್ಲಿ ಎಳೆದಾಗ ಆ ಬಾಲ ಉದ್ದವಾಗಿ, ಗಿಡ್ಡವಾಗಿ, ಜಿಗಣೆಯ ಹಾಗೆ ನುಲಿಯುತ್ತದೆ. ಮಳೆಗಾಲವಿಡೀ ಕಾಲಿನಿಂದ ಇಂಬಳ ಕಿತ್ತು ಬೆಳೆದ ಮಲೆನಾಡಿನವನಿಗೆ ಆ ನಡಿಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ಮಾರು ದಾರ ಬಿಟ್ಟು, ಕಾಲು ಆಡಿಸುತ್ತ, ನಡುನಡುವೆ ದಾರವನ್ನು ಒಂದು ಗೇಣು ಎಳೆದು ಬಿಡುತ್ತ ಹೋದೆ. ಕಾಲು ನಿಂತರೆ ಹುಳ ಇಳಿಯುತ್ತದೆ, ಕಾಲಾಡಿದರೆ ಏರುತ್ತದೆ. ಗಾಳವನ್ನು ಕೈಯಲ್ಲಿ ಹಿಡಿದಿದ್ದರೂ ಮೀನು ಹಿಡಿಯುವುದು ಕಾಲಿನಿಂದ.

ಹತ್ತು ಗಂಟೆಯ ಹೊತ್ತಿಗೆ ದಾರ ಒಮ್ಮೆ ಭಾರವಾಯಿತು. ಕಸವಿರಬೇಕು ಎಂದುಕೊಳ್ಳುವಷ್ಟರಲ್ಲಿ ಕೋಲಿನ ತುದಿ ನೀರಿಗೆ ಬಾಗಿತು. ದೂರದಲ್ಲಿ ಒಂದು ಬೆಳ್ಳಿ ತುಂಡು ಮೇಲೆ ಹಾರಿ ಬಿತ್ತು. ಮೀನು ಬಲಕ್ಕೆ ಓಡಿತು, ನನ್ನ ಟ್ಯೂಬೂ ಬಲಕ್ಕೆ ತಿರುಗಿತು. ನೆಲದ ಮೇಲೆ ನಿಂತು ಹಿಡಿದರೆ ಈ ಸುಖವಿಲ್ಲ. ಇಲ್ಲಿ ಊರಲು ಕಾಲಿಗೆ ನೆಲವಿಲ್ಲ, ಎಳೆಯುವವನೂ ಎಳೆಸಿಕೊಳ್ಳುವವನೂ ತೇಲುತ್ತಲೇ ಇರಬೇಕು. ಬಲೆಗೆ ತೆಗೆದು, ತೊಡೆಯ ಮೇಲಿನ ಹಾಸಿನಲ್ಲಿ ಅಚ್ಚುಹಾಕಿದ್ದ ಅಳತೆಪಟ್ಟಿಯ ಮೇಲೆ ಮಲಗಿಸಿದೆ. ಹದಿನೈದು ಇಂಚು. ಬೆನ್ನು ತಿಳಿಹಸಿರು, ಮೈತುಂಬ ಕಪ್ಪು ಚುಕ್ಕೆ, ಕಿವಿರಿನಿಂದ ಬಾಲದವರೆಗೆ ಗುಲಾಬಿ ಪಟ್ಟೆ. ರೇನ್‌ಬೋ ಟ್ರೌಟ್. ಇದರ ಮೂಲನೆಲೆ ಇದೇ ಶಾಂತಸಾಗರದ ಕಡೆಯ ನದಿಗಳು, ಕೆರೆಗಳು. ನಮ್ಮ ನೆರೆಯ ನೀಲಗಿರಿಯ ತಣ್ಣನೆ ತೊರೆಗಳಿಗೆ ಬ್ರಿಟಿಷರು ತಂದು ಬಿಟ್ಟದ್ದೂ ಇದೇ ಜಾತಿಯನ್ನು. ಊಟಿಯ ಬಳಿಯ ಅವಲಾಂಚಿಯಲ್ಲಿ ಅದರ ಮರಿ ಮಾಡುವ ಕೇಂದ್ರವಿದೆ.

ಆರೆಗಾನಿನ ಕೆರೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಐದು ಟ್ರೌಟ್ ಇಟ್ಟುಕೊಳ್ಳಬಹುದು, ಎಂಟು ಇಂಚಿಗಿಂತ ಚಿಕ್ಕದನ್ನು ಬಿಡಬೇಕು. ಭಾವನ ಲೆಕ್ಕ ಇನ್ನೂ ಬಿಗಿ: ಊಟಕ್ಕೆ ಎರಡು ಸಾಕು. ಮಧ್ಯಾಹ್ನದವರೆಗೆ ಸಿಕ್ಕ ಉಳಿದ ನಾಲ್ಕನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ ಕಳಿಸಿದೆವು. ತೀರ್ಥಹಳ್ಳಿಯ ಹುಡುಗರಿಗೆ ಇದು ಹೊಸ ಪಾಠವಲ್ಲ. ತುಂಗೆಯದೇ ಮೀನಾದರೂ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಅದಕ್ಕೆ ಮಂಡಕ್ಕಿ ಹಾಕಿ ಕೈಮುಗಿದು ಬರುತ್ತಿದ್ದೆವು, ಹಳ್ಳಕ್ಕೆ ಏರಿದ್ದನ್ನು ಸಾರು ಮಾಡಿ ಉಣ್ಣುತ್ತಿದ್ದೆವು. ಯಾವ ನೀರಿನಲ್ಲಿ ಕೈ ಚಾಚಬೇಕು, ಯಾವುದರಲ್ಲಿ ಕೈಕಟ್ಟಬೇಕು ಎಂಬುದು ಮೀನು ತಿನ್ನುವವನ ಮೊದಲ ಓದು. ನಾವು ದಡಕ್ಕೆ ತಿರುಗಿದಾಗ ಆಸ್ಪ್ರೇ ಎಂಬ ಮೀನುಗಿಡುಗ ನೀರಿಗೆ ಎರಗಿ ಒಂದನ್ನು ಎತ್ತಿಕೊಂಡು ಹೋಯಿತು. ಚಳಿಗಾಲಕ್ಕೆ ನಮ್ಮ ಭದ್ರಾ ಹಿನ್ನೀರಿಗೆ ಬರುವುದೂ ಅದೇ ಜಾತಿಯ ಹಕ್ಕಿ. ಅದೂ ಬೇಕಾದಷ್ಟನ್ನೇ ಹಿಡಿಯಿತು.

ಅಡುಗೆ ಕೆರೆಯ ದಡದಲ್ಲೇ. ಟ್ರೌಟಿನ ಹುರುಪೆ ಬಲು ಸಣ್ಣದು, ತೆಗೆಯುವ ಕೆಲಸವಿಲ್ಲ. ಅಮ್ಮ ಒಲೆಯ ಬೂದಿ ಹಾಕಿ ಕಲ್ಲಿಗೆ ತಿಕ್ಕುತ್ತಿದ್ದಷ್ಟು ಹೊತ್ತಿನಲ್ಲಿ ಇಲ್ಲಿ ಮೀನು ಬಾಣಲೆಗೆ ಬಿದ್ದಿರುತ್ತದೆ. ಹೊಟ್ಟೆ ಸೀಳಿ, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯಬೇಕು. ಅದು ಉಳಿದರೆ ಕಹಿ. ಮಾಂಸ ತೆಳುಗೆಂಪಾಗಿತ್ತು. ಸಿಗಡಿಯ ಬಳಗದ ಪುಟ್ಟ ಜೀವಿಗಳನ್ನು ತಿಂದು ಮೀನು ಪಡೆಯುವ ಬಣ್ಣ ಅದು.

ಒಂದು ಮೀನು ಭಾವನ ರೀತಿ: ಕಬ್ಬಿಣದ ಬಾಣಲೆ, ಬೆಣ್ಣೆ, ಉಪ್ಪು, ಕೊನೆಗೆ ನಿಂಬೆಹಣ್ಣು. ತೀರಾ ತಾಜಾ ಮೀನು ಕಾವಿಗೆ ಬಿಲ್ಲಿನ ಹಾಗೆ ಬಾಗುತ್ತದೆ, ಸೌಟಿನಿಂದ ಅದುಮಿ ಹಿಡಿಯಬೇಕು. ತೊಗಲು ಹಪ್ಪಳದಂತೆ ಗರಿಯಾಯಿತು, ಒಳಗಿನ ಮಾಂಸ ಎಸಳು ಎಸಳಾಗಿ ಬಿಟ್ಟುಕೊಂಡಿತು. ಇನ್ನೊಂದು ನನ್ನ ರೀತಿ. ಅಕ್ಕ ಡಬ್ಬಿಯಲ್ಲಿ ಕಳಿಸಿದ್ದ ಮಸಾಲೆಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ತೆಂಗಿನಕಾಯಿ ಎಲ್ಲ ಬಿದ್ದಿತ್ತು. ಊರಿನಿಂದ ಬಂದ ಒಣ ವಾಟೆಹುಳಿಯ ನಾಲ್ಕು ಚೂರನ್ನು ನೀರಿನಲ್ಲಿ ಕಿವುಚಿ ಸೇರಿಸಿದೆ. ಸಾರು ಕುದಿ ಬಂದ ಮೇಲೆ ತುಂಡುಗಳನ್ನೂ ತಲೆಯನ್ನೂ ಇಳಿಬಿಟ್ಟೆ. ಅನ್ನ ಮಾತ್ರ ಕಾಯಿಸಿತು. ಈ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುವುದರಿಂದ ಅಕ್ಕಿ ನಿಧಾನಕ್ಕೆ ಬೇಯುತ್ತದೆ. ಆ ದಿನಕ್ಕೆ ಆ ನಿಧಾನವೇ ಸರಿಯಾಗಿತ್ತು.

ಭಾವ ಬಡಿಸಲು ಕೂತರು. ಸೌಟು ಪಾತ್ರೆಯ ತಳಕ್ಕೆ ಇಳಿಯಿತು, ತಡಕಿತು.

"ಭಾವ, ತಲೆ ನೀವು ಹಾಕ್ಕೊಳ್ಳಿ," ಎಂದೆ.

"ಹಿಡಿದವನು ನೀನಲ್ವ ಮಾರಾಯ," ಎಂದು ನನ್ನ ಬಟ್ಟಲಿಗೆ ಹಾಕಿದರು.

ನಾನು ಮಾತಾಡಲಿಲ್ಲ. ದವಡೆಯ ಮೂಳೆ ಬಿಡಿಸಿ, ಕೆನ್ನೆಯ ಆ ಕಾಸಿನಗಲದ ಮಾಂಸವನ್ನು ಮೊದಲು ತೆಗೆದು, ಹುಳಿ ಇಳಿದ ಒಂದೊಂದು ಮೂಳೆಯನ್ನೂ ಚೀಪುತ್ತ ಕೂತೆ. ಕೆರೆಯ ಮೇಲೆ ಬೆಳಕು ಪೂರ್ತಿ ಹೋಗುವವರೆಗೂ ಚೀಪುತ್ತಲೇ ಇದ್ದೆ.