ಕೊಂಬಿಲ್ಲದ ಎತ್ತಿಗೆ ಸುಂಕವಿಲ್ಲ

ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಸುಮಾರು 1535ರಲ್ಲಿ ಒಂದು ಬಾಗಿಲಿನ ಲೆಕ್ಕ ಬರೆದಿಟ್ಟಿದ್ದಾನೆ. ರಾಜಧಾನಿಗೂ ಪಕ್ಕದ ನಾಗಲಾಪುರಕ್ಕೂ, ಅಂದರೆ ಇಂದಿನ ಹೊಸಪೇಟೆಗೂ, ಸರಕು ಬರುತ್ತಿದ್ದ ಬಾಗಿಲು ಅದು. ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತಿದ್ದವು, ಒಂದೊಂದಕ್ಕೂ ಸುಂಕ ನಿಗದಿ. ಗುತ್ತಿಗೆದಾರ ಕೇಳಿದ್ದನ್ನು ಕೊಡದೆ ಊರವರೂ ಒಳಗೆ ಹೋಗುವಂತಿಲ್ಲ, ಪರದೇಶಿಗಳೂ ಹೋಗುವಂತಿಲ್ಲ. ಆದರೆ ಕೊಂಬಿಲ್ಲದ ಬೋಳು ಎತ್ತಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿಲ್ಲ! ಯಾಕೆ ಅಂತ ಆಸಾಮಿ ಹೇಳುವುದಿಲ್ಲ.

ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ ಇದನ್ನು ಓದುವಾಗ ನಗು ಬಂತು. ನಾನು ಹೊರಟಿದ್ದೂ ಬಾಗಿಲಿನ ಕೆಲಸಕ್ಕೇ. ಯಾರನ್ನು ಒಳಗೆ ಬಿಡಬೇಕು, ಎಷ್ಟು ಹೊತ್ತು, ಏನನ್ನು ಒಯ್ಯಲು ಬಿಡಬೇಕು ಎಂದು ಯಂತ್ರಗಳಿಗೆ ಹೇಳಿಕೊಡುವುದು ನನ್ನ ಉದ್ಯೋಗ. ಕಾಲೇಜಿನ ಗೆಳೆಯನೊಬ್ಬ ಹೊಸಪೇಟೆಯಲ್ಲಿ ವೇಬ್ರಿಡ್ಜುಗಳಿಗೆ, ಲಾರಿ ಮಾಲೀಕರಿಗೆ, ಅಕ್ಕಿ ಗಿರಣಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಾನೆ. ಸ್ಟೇಷನ್ನಿಗೆ ಬೈಕಿನಲ್ಲಿ ಬಂದಿದ್ದ. ಮಂಡಾಳ ಒಗ್ಗರಣೆ, ಮಿರ್ಚಿ ಮುಗಿಯುವ ಮೊದಲೇ ಗೋಳು ಶುರುವಾಯಿತು. “ಮಷಿನ್ ಆಫ್ ಮಾಡಿ ಆನ್ ಮಾಡಿದ್ರ ಮುಗೀತಲೇ, ಇಮೇಜ್ ಸಿಗವಲ್ದು ಅಂತೈತಿ. ಹೊಸ ಕೋಡ್ ಹಾಕೋದು ಹಂಗಿರಲಿ, ಹಳೇದೂ ಏಳವಲ್ದು.”

ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದು ಪ್ರೋಗ್ರಾಮ್ ನಡೆಯಲು ಬೇಕಾದ ಸಮಸ್ತವನ್ನೂ ಜೊತೆಗೇ ಬುತ್ತಿ ಕಟ್ಟಿಬಿಟ್ಟರೆ ಅದು ಕಂಟೇನರ್ ಇಮೇಜ್. ಎಲ್ಲಿ ಬಿಚ್ಚಿದರೂ ಅದೇ ಊಟ. ಈ ಇಮೇಜುಗಳನ್ನು ಇಟ್ಟುಕೊಳ್ಳುವ ಉಗ್ರಾಣ ರಿಜಿಸ್ಟ್ರಿ. ಹುಡುಗರು ಕೋಡ್ ಬರೆದು ಒಪ್ಪಿಸಿದ ಕೂಡಲೇ ಪೈಪ್‌ಲೈನು ತಾನಾಗಿ ಎದ್ದು ಇಮೇಜ್ ಕಟ್ಟಿ ರಿಜಿಸ್ಟ್ರಿಗೆ ಏರಿಸುತ್ತದೆ. ಸಂಡೂರು, ಕಂಪ್ಲಿಯಲ್ಲಿರುವ ಗೆಳೆಯನ ಗಿರಾಕಿಗಳ ಯಂತ್ರಗಳು ಅಲ್ಲಿಂದ ಇಳಿಸಿಕೊಳ್ಳುತ್ತವೆ. ನಡುವೆ ಮನುಷ್ಯರಿಲ್ಲ. ಹಾಗಾದರೆ ಉಗ್ರಾಣದ ಬಾಗಿಲಲ್ಲಿ ಯಂತ್ರ ತನ್ನ ಗುರುತು ಹೇಗೆ ಹೇಳಬೇಕು?

ಗೆಳೆಯನ ಆಫೀಸಿನಲ್ಲಿ ಕೂತು ಲಾಗ್ ಬಿಡಿಸಿದಾಗ ಸಿಕ್ಕಿದ್ದು ಎರಡು ಗಂಟು. ಕೆಲಸ ಬಿಟ್ಟು ಹೋದ ಹುಡುಗನೊಬ್ಬ ತನ್ನ ಸ್ವಂತ ಪಾಸ್‌ವರ್ಡನ್ನೇ ಎಲ್ಲ ಯಂತ್ರಗಳಿಗೂ ಕೊಟ್ಟಿದ್ದ. ಅವನ ಖಾತೆ ಮುಚ್ಚಿದ ದಿನವೇ ಬಾಗಿಲೂ ಮುಚ್ಚಿತ್ತು. ಆದರೆ ಓಡುತ್ತಿದ್ದ ಯಂತ್ರಗಳು ಓಡುತ್ತಲೇ ಇದ್ದವು, ಕರೆಂಟು ಹೋಗಿ ಬಂದಾಗಲೇ ಬಣ್ಣ ಬಯಲಾದದ್ದು. ಆ ಪಾಸ್‌ವರ್ಡ್ ಕೂತಿದ್ದ ಫೈಲನ್ನು ತೆರೆದು ತೋರಿಸಿದೆ. ಅರ್ಥವಾಗದ ಅಕ್ಷರಗಳ ಸಾಲು ಕಂಡು ಗೆಳೆಯನಿಗೆ ಭದ್ರವಾಗಿದೆ ಅನ್ನಿಸಿತ್ತು. ಅದು ಗೂಢಲಿಪಿಯಲ್ಲ, ಬೇಸ್ 64, ಒಂದೇ ಕಮಾಂಡಿಗೆ ಬಿಚ್ಚಿಕೊಳ್ಳುತ್ತದೆ.

ಎರಡನೆಯದು ಮಜವಾಗಿತ್ತು. ಡಾಕರ್ ಹಬ್ ಎಂಬ ದೊಡ್ಡ ಸಾರ್ವಜನಿಕ ರಿಜಿಸ್ಟ್ರಿ 2020ರ ನವೆಂಬರಿನಿಂದ ಮಿತಿ ಹಾಕಿದೆ: ಹೆಸರು ಹೇಳದೆ ಬಂದವರಿಗೆ 6 ಗಂಟೆಗೆ 100 ಪುಲ್ (ಅಂದರೆ 100 ಸಲ ಇಳಿಸಿಕೊಳ್ಳುವುದು), ಉಚಿತ ಖಾತೆಯ ಹೆಸರು ಹೇಳಿದವರಿಗೆ 200. ಹೆಸರಿಲ್ಲದವರನ್ನು ಅದು ಎಣಿಸುವುದು ಐಪಿ ವಿಳಾಸದಿಂದ. ಇಲ್ಲಿಯ ಇಂಟರ್‌ನೆಟ್‌ನಲ್ಲಿ ಒಂದೇ ವಿಳಾಸದ ಹಿಂದೆ ಎಷ್ಟೋ ಮನೆ, ಎಷ್ಟೋ ಅಂಗಡಿ. ಅಂದರೆ ಊರಿನ ಯಾರೋ ಕಾಣದ ಪುಣ್ಯಾತ್ಮ ರಾತ್ರಿಯಿಡೀ ಇಳಿಸಿಕೊಂಡ ಲೆಕ್ಕವೂ ಗೆಳೆಯನ ತಲೆಯ ಮೇಲೆ! ನೂನಿಜನ ಬಾಗಿಲಲ್ಲಿ ಎತ್ತಿಗೊಂದು ಸುಂಕವಾದರೂ ಇತ್ತು. ಇಲ್ಲಿ ಪಕ್ಕದವನ ಎತ್ತಿಗೆ ನಾವು ಕಟ್ಟಬೇಕು. ಲಾಗಿನ್ ಆಗಿಯೇ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿ, ಬೇಕಾದ ಮೂಲ ಇಮೇಜುಗಳನ್ನು ನಮ್ಮದೇ ರಿಜಿಸ್ಟ್ರಿಗೆ ನಕಲು ಹಾಕಿದೆವು.

ಸಂಜೆಗೆ ಹಂಪಿ. ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಇಡೀ ರಾಜಗೋಪುರವನ್ನು ತಲೆಕೆಳಗಾಗಿ ಬಿಡಿಸಿಡುವುದನ್ನು ಎಷ್ಟು ಸಲ ನೋಡಿದರೂ ತೃಪ್ತಿಯಿಲ್ಲ. ಆದರೆ ಈ ಬಾರಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಜಾಂಗಣದ ಮೆಟ್ಟಿಲು ಬಾವಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಎದ್ದು ಬಂದದ್ದು. ಹಂಪಿಯ ಸುತ್ತಲೆಲ್ಲ ಕೆಂಬೂದಿ ಬಣ್ಣದ ಕಣಶಿಲೆ. ಈ ಪುಷ್ಕರಣಿ ಮಾತ್ರ ಕರಿಹಸಿರು ಕಲ್ಲಿನದು, ಅಂಚು ಅಂಚಿಗೆ ಕೂತ ಹಾಗೆ.

ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಸಣ್ಣ ಗುರುತುಗಳು. ಯಾವ ದಿಕ್ಕಿಗೆ, ಯಾವ ಸಾಲಿಗೆ, ಸಾಲಿನಲ್ಲಿ ಎಷ್ಟನೆಯದು ಎಂದು ಕಲ್ಲುಕುಟಿಗರು ಕೊರೆದಿಟ್ಟದ್ದು. ಅಂದರೆ ಬಾವಿಯನ್ನು ಇಲ್ಲಿ ಕೂತು ಕೆತ್ತಿಲ್ಲ. ಮೊದಲೇ ಲೆಕ್ಕ ಹಾಕಿ, ಬೇರೆಡೆ ಕಡಿದು, ಗುರುತು ಬರೆದು, ತಂದು, ಗುರುತು ನೋಡಿ ಜೋಡಿಸಿದ್ದಾರೆ. ಎರಡು ಕಲ್ಲು ಅದಲುಬದಲಾದರೂ ಸಾಲು ಕೂಡುವುದಿಲ್ಲ.

ನಾನು ಅಲ್ಲೇ ಮೇಲಿನ ಮೆಟ್ಟಿಲಿನ ಹತ್ತಿರ ಫೋನ್ ತೆಗೆದು ಗೆಳೆಯನಿಗೆ ಬೆಳಗಿನ ಬಿಲ್ಡಿನ ಲಾಗ್ ತೋರಿಸಿದೆ. ಇಮೇಜ್ ಎಂಬುದೂ ಒಂದೇ ಮುದ್ದೆಯಲ್ಲ, ಪದರ ಪದರ. ಪ್ರತಿ ಪದರಕ್ಕೂ ಅದರೊಳಗಿನ ಪ್ರತಿ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಎಸ್‌ಎಚ್‌ಎ 256 ಎಂಬ ಗಣಿತ 64 ಅಂಕೆ-ಅಕ್ಷರಗಳ ಗುರುತು ಕೊಡುತ್ತದೆ. ಅದೇ ಡೈಜೆಸ್ಟ್. ಒಳಗೆ ಒಂದು ಚುಕ್ಕಿ ಬದಲಾದರೂ ಗುರುತು ಪೂರ್ತಿ ಬೇರೆ. ಯಾವ ಪದರದ ಮೇಲೆ ಯಾವುದು ಎಂಬ ಪಟ್ಟಿಗೆ ಮ್ಯಾನಿಫೆಸ್ಟ್ ಎಂದು ಹೆಸರು, ಆ ಪಟ್ಟಿಗೂ ಒಂದು ಡೈಜೆಸ್ಟ್. ಏರಿಸುವಾಗ ರಿಜಿಸ್ಟ್ರಿ ಗುರುತು ನೋಡಿ, ಈ ಪದರ ನನ್ನಲ್ಲಿ ಆಗಲೇ ಇದೆ, ಕಳಿಸಬೇಡ ಎನ್ನುತ್ತದೆ. ಇಳಿಸಿಕೊಳ್ಳುವಾಗಲೂ ಅದೇ ಲೆಕ್ಕ. ಆದ್ದರಿಂದಲೇ ಇಡೀ ಇಮೇಜು ದೊಡ್ಡದಿದ್ದರೂ ಹುಡುಗರು ಒಂದು ಸಾಲು ತಿದ್ದಿದ ದಿನ ಸಂಡೂರಿಗೆ ಇಳಿಯುವುದು ಮೇಲಿನ ಒಂದು ತೆಳು ಪದರ ಅಷ್ಟೆ. ಗೆಳೆಯ ಲಾಗ್ ನೋಡಿದ, ಕಲ್ಲು ನೋಡಿದ. “ಇವ್ರು ಆಗಲೇ ಮಾಡಿಬಿಟ್ಟಾರಲ್ಲೋ!” ಎಂದ. ಕಾವಲುಗಾರ ಶಿಳ್ಳೆ ಊದುವವರೆಗೂ ನಾವು ಕದಲಲಿಲ್ಲ.

ಪದರಗಳಿಗೆ ಇನ್ನೊಂದು ಗುಣವಿದೆ, ಭಯ ಹುಟ್ಟಿಸುವಂಥದ್ದು. ಕೆಳಗಿನ ಪದರದಲ್ಲಿ ಅಪ್ಪಿತಪ್ಪಿ ಪಾಸ್‌ವರ್ಡ್ ಸೇರಿತು, ಮೇಲಿನ ಪದರದಲ್ಲಿ ಅಳಿಸಿದಿರಿ ಅನ್ನಿ. ಅಳಿಸಿದಂತೆ ಕಾಣುತ್ತದೆ, ಅಗೆದರೆ ಕೆಳಗೆ ಹಾಗೇ ಇರುತ್ತದೆ. 2021ರಲ್ಲಿ ಕೋಡ್‌ಕವ್ ಎಂಬ ಕಂಪನಿಯ ಡಾಕರ್ ಇಮೇಜ್ ತಯಾರಿಯ ಲೋಪದಿಂದ ಕಳ್ಳರ ಕೈಗೆ ಒಂದು ಕೀಲಿ ಸಿಕ್ಕಿತು. ಅದನ್ನು ಬಳಸಿ ಅವರು ಕಂಪನಿಯ ಸ್ಕ್ರಿಪ್ಟನ್ನೇ ತಿದ್ದಿದರು. ಆ ಸ್ಕ್ರಿಪ್ಟ್ ಜಗತ್ತಿನ ಎಷ್ಟೋ ಕಂಪನಿಗಳ ಪೈಪ್‌ಲೈನುಗಳಲ್ಲಿ ಓಡುತ್ತಿತ್ತು. ಜನವರಿ ಕೊನೆಯಲ್ಲಿ ನುಗ್ಗಿದ್ದು ಬೆಳಕಿಗೆ ಬಂದದ್ದು ಏಪ್ರಿಲ್‌ನಲ್ಲಿ.

ಮರುದಿನ ಸಂಡೂರು. ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿ ಹೋದ ಮೇಲೂ ಸಂಡೂರು ಬಳ್ಳಾರಿಯಲ್ಲೇ ಉಳಿದಿದೆ. ಲಾರಿಗಳಿಗೆ ಜಿಲ್ಲೆಯ ಗಡಿ ಗೊತ್ತಾಗುವುದಿಲ್ಲ, ಸಾಲಾಗಿ ಹೋಗುತ್ತಲೇ ಇರುತ್ತವೆ. ಮಳೆ ಬಿದ್ದ ಮೇಲೆ ಈ ಕಣಿವೆಯ ಹಸಿರು ಕಣ್ಣಿಗೆ ಹಬ್ಬ. ಸುತ್ತ ಬೆಟ್ಟಗಳ ಕೋಟೆ, ಅದನ್ನು ಸೀಳಿ ನಾರಿಹಳ್ಳ ಹಾದುಹೋಗಲು ಭೀಮಗಂಡಿ, ಓಬಳಗಂಡಿ ಎಂಬ ಕೊರಕಲುಗಳು. ಆದರೆ ರಸ್ತೆ ಬದಿಯ ಮರಗಳ ಎಲೆ ಮಾತ್ರ ಅದಿರಿನ ಧೂಳಿನಿಂದ ಕೆಂಪು.

ವೇಬ್ರಿಡ್ಜಿನ ಕೋಣೆಯಲ್ಲಿ ಕೂತು ನೋಡಿದೆ. ಲಾರಿ ತೂಕದ ಹಾಸಿಗೆ ಏರುತ್ತದೆ. ಕ್ಲೀನರ್ ಹುಡುಗ ಕಾಗದ ನೀಡುತ್ತಾನೆ. ಯಾವ ಲಾರಿ, ಯಾವ ಗಣಿ, ಎಷ್ಟು ಟನ್, ಎಲ್ಲಿಗೆ, ಎಲ್ಲಿಯವರೆಗೆ ಊರ್ಜಿತ, ಎಲ್ಲ ಅದರಲ್ಲಿದೆ. ಆಪರೇಟರ್ ತೂಕ ಹೊಂದಿಸಿ ನೋಡಿ, “ಮುಂದ ತಗೋ ಅಣ್ಣಾ” ಎಂದು ಕೂಗುತ್ತಾನೆ. ಇಷ್ಟು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಪರ್ಮಿಟ್ ಇಲ್ಲದೆಯೂ, ಒಂದೇ ಪರ್ಮಿಟ್ಟಿನಲ್ಲಿ ಮತ್ತೆ ಮತ್ತೆಯೂ ಅದಿರು ಹೋದ ಕಾಲವನ್ನು ಈ ಸೀಮೆ ಕಂಡಿದೆ. ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ಬೇಲೆಕೇರಿ ಬಂದರಿನಿಂದಲೇ ಮಾಯವಾಯಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಬಂತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಆ ಕೋಣೆಯ ಮೂಲೆಯಲ್ಲಿದ್ದ ಪುಟ್ಟ ಯಂತ್ರಕ್ಕೆ ಹೊಸ ವ್ಯವಸ್ಥೆ ಹಾಕುವಾಗ ನನಗೆ ಹಳೆಯ ಸೋಜಿಗವೇ ಹೊಸದಾಗಿ ಹತ್ತಿತು. ಬಾಗಿಲು ತಟ್ಟಿದ ಯಂತ್ರಕ್ಕೆ ರಿಜಿಸ್ಟ್ರಿ ಮೊದಲು ‘ಇಲ್ಲ’ ಎನ್ನುತ್ತದೆ. ಆ ಇಲ್ಲದೊಳಗೇ ದಾರಿಯನ್ನೂ ಬರೆದಿರುತ್ತದೆ: ಇಂಥ ಕಡೆ ಹೋಗು, ಇಂಥ ಇಮೇಜನ್ನು ಇಳಿಸಿಕೊಳ್ಳಲು ಅಂತ ಚೀಟಿ ತಾ. ಆ ಚೀಟಿಯೇ ಟೋಕನ್. ಇಳಿಸಿಕೊಳ್ಳುವ ಚೀಟಿಯಿಂದ ಏರಿಸಲಾಗದು, ಒಂದರ ಚೀಟಿ ಇನ್ನೊಂದಕ್ಕೆ ನಡೆಯದು. ಆಯುಷ್ಯವೂ ಅಲ್ಪ. ಎಷ್ಟು ಹೊತ್ತು ಎಂದು ಬರೆಯದಿದ್ದರೆ 60 ಸೆಕೆಂಡು ಎಂದೇ ತಿಳಿಯಬೇಕೆಂದು ನಿಯಮವಿದೆ. ಅಮೆಜಾನಿನ ಇಸಿಆರ್ ರಿಜಿಸ್ಟ್ರಿ ಉದಾರಿ, 12 ಗಂಟೆ ಕೊಡುತ್ತದೆ. ನಾವು ಹಿಡಿದದ್ದು ಅದರ ಮುಂಬೈ ಕೇಂದ್ರವನ್ನು. ವೇಬ್ರಿಡ್ಜಿನ ಯಂತ್ರಕ್ಕೆ ಬರೀ ಇಳಿಸಿಕೊಳ್ಳುವ ಹಕ್ಕು, ಗಡುವಿನೊಳಗೆ ತಾನೇ ಚೀಟಿ ಹೊಸದು ಮಾಡಿಕೊಳ್ಳುವ ಒಂದು ಸಣ್ಣ ಸ್ಕ್ರಿಪ್ಟು.

ಏರಿಸುವ ಕಡೆಯದು ಇನ್ನೂ ದೊಡ್ಡ ಬೆರಗು. ಅಲ್ಲಿ ಪಾಸ್‌ವರ್ಡೇ ಇಲ್ಲ. 2021ರಿಂದ, ಪೈಪ್‌ಲೈನುಗಳನ್ನು ನಡೆಸಿಕೊಡುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಓಡುವ ಪ್ರತಿ ಬಿಲ್ಡೂ ಗಿಟ್‌ಹಬ್ಬಿನ ಸಹಿ ಹಾಕಿದ ಗುರುತಿನ ಪತ್ರ ಕೇಳಿ ಪಡೆಯಬಹುದು. ಇದು ಇಂಥ ಯೋಜನೆಯ, ಇಂಥ ಶಾಖೆಯ, ಇಂಥ ಕೆಲಸ ಎಂಬ ವಿವರ ಅದರಲ್ಲಿರುತ್ತದೆ. ಅಮೆಜಾನ್ ಆ ಸಹಿಯನ್ನು ಪರೀಕ್ಷಿಸಿ, ನಾವು ಮೊದಲೇ ಬರೆದಿಟ್ಟ ಷರತ್ತಿಗೆ ಕೂಡಿದರೆ ತಾತ್ಕಾಲಿಕ ಹಕ್ಕು ಕೊಡುತ್ತದೆ, ಸಾಮಾನ್ಯವಾಗಿ ಒಂದು ಗಂಟೆಗೆ. ಕದಿಯಲು ಯಾವ ಫೈಲಿನಲ್ಲೂ ಏನೂ ಇಲ್ಲ. ಕೆಲಸ ಬಿಟ್ಟು ಹೋಗುವ ಹುಡುಗ ಒಯ್ಯಲೂ ಏನಿಲ್ಲ. ಷರತ್ತು ಬರೆಯುವಾಗ ಮಾತ್ರ ಜಿಪುಣರಾಗಬೇಕು. ಯಾವ ಶಾಖೆಯಾದರೂ ಸರಿ ಎಂದು ನಕ್ಷತ್ರ ಚಿಹ್ನೆ ಹಾಕಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಹಾಗೆ ಬರೆಯುವುದಾದರೆ ಪಾಸ್‌ವರ್ಡನ್ನೇ ಗೋಡೆಗೆ ಅಂಟಿಸಬಹುದು.

ಇಮೇಜನ್ನು ‘ಲೇಟೆಸ್ಟ್’ ಎಂಬ ಟ್ಯಾಗಿನಿಂದ ಕರೆಯುವ ಚಟವನ್ನೂ ಅಲ್ಲೇ ಬಿಡಿಸಿದೆ. ಟ್ಯಾಗನ್ನು ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ ಹಚ್ಚಬಹುದು. ಹೆಸರು ಅದೇ, ಒಳಗಿನ ಸರಕು ಬೇರೆ. ಒಂದೇ ಪರ್ಮಿಟ್ಟಿನಲ್ಲಿ ಎರಡು ಲೋಡ್ ಹೋದದ್ದನ್ನು ಕಂಡ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. “ಡೈಜೆಸ್ಟ್ ಬರೀರಿ ಸರ್, ಅದಕ್ಕ ಎರಡನೇ ಟ್ರಿಪ್ ಇಲ್ಲ” ಎಂದು ಆಪರೇಟರೇ ನಕ್ಕ.

ಕಂಪ್ಲಿಗೆ ಹೋಗುವ ದಾರಿಯಲ್ಲಿ ಬಾಳೆ, ಕಬ್ಬು, ಭತ್ತ. ವಿಜಯನಗರದ ಅರಸರ ಕಾಲುವೆಗಳು ಈ ಸೀಮೆಯಲ್ಲಿ ಇನ್ನೂ ಹೊಲಕ್ಕೆ ನೀರು ಹಾಯಿಸುತ್ತಿವೆ. ಕಂಪ್ಲಿ ವಿಜಯನಗರಕ್ಕಿಂತ ಹಿರಿಯ ಊರು. ಕಂಪಿಲರಾಯ, ಕುಮಾರರಾಮರ ರಾಜ್ಯ ಇಲ್ಲಿತ್ತು, 1327ರಲ್ಲಿ ತುಘಲಕ್ಕನ ಸೇನೆಯೆದುರು ಬಿತ್ತು. ಹಕ್ಕ-ಬುಕ್ಕರು ಮೊದಲು ಈ ರಾಜ್ಯದ ಭಂಡಾರದ ಕಾವಲಿನಲ್ಲಿದ್ದರು ಎಂದೊಂದು ಪ್ರತೀತಿ. ತುಂಗಭದ್ರಾ ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗಿ, ಹೊಳೆಯ ಆಚೆ ಆಚೆಗೇ, ಈಚೆ ಈಚೆಗೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋದ ದಿನಗಳ ಎದೆಬಡಿತವನ್ನು ಗಿರಣಿಯ ಸಾಹುಕಾರರು ಇನ್ನೂ ಮರೆತಿಲ್ಲ. ಅವರಿಗೆ ನಮ್ಮ ಟೋಕನ್ ಪುರಾಣ ಬೇಕಿರಲಿಲ್ಲ. “ಮಳೆಗಾಲದಾಗ ನೆಟ್ ಇರಂಗಿಲ್ರಿ. ಬಿಲ್ ಬರ್ತಾವೋ ಇಲ್ಲೋ, ಅಷ್ಟ ಹೇಳ್ರಿ.”

ಪ್ರಶ್ನೆ ಸಣ್ಣದಲ್ಲ. ಯಂತ್ರಗಳಲ್ಲಿ ಕಂಟೇನರುಗಳನ್ನು ಎಬ್ಬಿಸಿ ನಡೆಸುವ ಕುಬರ್ನೆಟಿಸಿನಲ್ಲಿ ‘ಆಲ್ವೇಸ್’ ಎಂದು ಬರೆದರೆ ಇಮೇಜು ಯಂತ್ರದಲ್ಲೇ ಇದ್ದರೂ ಪ್ರತಿ ಸಲ ಏಳುವಾಗ ರಿಜಿಸ್ಟ್ರಿಯನ್ನು ಕೇಳಿಯೇ ಏಳುತ್ತದೆ. ನೆಟ್ ಇಲ್ಲದಿದ್ದರೆ ಏಳುವುದಿಲ್ಲ. ಮತ್ತೆ ಮತ್ತೆ ಯತ್ನಿಸಿ, ಯತ್ನದ ನಡುವಿನ ಅಂತರವನ್ನು 5 ನಿಮಿಷದವರೆಗೆ ಹಿಗ್ಗಿಸಿಕೊಳ್ಳುತ್ತಾ ಕೂರುತ್ತದೆ. ‘ಇಫ್‌ ನಾಟ್ ಪ್ರೆಸೆಂಟ್’ ಎಂದು ಬರೆದರೆ ಇದ್ದದ್ದರಲ್ಲೇ ಎದ್ದುಬಿಡುತ್ತದೆ. ಆದರೆ ಆಗ ಚೀಟಿ ಕೇಳುವವರಿಲ್ಲ. ಒಮ್ಮೆ ಒಳಗೆ ಬಂದ ಇಮೇಜನ್ನು ಅದೇ ಯಂತ್ರದಲ್ಲಿ ಹಕ್ಕಿಲ್ಲದವರೂ ಎಬ್ಬಿಸಬಹುದು. ಬಾಗಿಲಿನ ಬಗ್ಗೆ ಇಷ್ಟು ಯೋಚಿಸಿದ ಜಗತ್ತು ಈ ಕಿಂಡಿಯನ್ನು ಬಹಳ ಕಾಲ ಹಾಗೇ ಬಿಟ್ಟಿತ್ತು. 2025ರ 1.33ನೇ ಆವೃತ್ತಿಯಲ್ಲಿ ಪ್ರಯೋಗಕ್ಕೆಂದು ತಡೆ ಬಂತು. ಹಲವರು ಹಂಚಿಕೊಳ್ಳುವ ಸರ್ವರಿನಲ್ಲಿ ಇದು ಅಪಾಯ. ಗಿರಣಿಯ ಯಂತ್ರದಲ್ಲಿ ಗಿರಣಿಯ ಲೆಕ್ಕ ಬಿಟ್ಟು ಬೇರೇನೂ ಓಡುವುದಿಲ್ಲ, ಹಾಗಾಗಿ ಇಲ್ಲಿ ಎರಡನೆಯದೇ ಸರಿ ಎಂದು ತೀರ್ಮಾನಿಸಿದೆವು.

ಸಾಹುಕಾರರು ಮಾತಿಗೆ ಬಗ್ಗುವವರಲ್ಲ. ತಾವೇ ಹೋಗಿ ನೆಟ್ಟಿನ ಕೇಬಲ್ ಕಿತ್ತರು, ಯಂತ್ರ ಆಫ್ ಮಾಡಿಸಿದರು, ಮತ್ತೆ ಹಾಕಿಸಿದರು. ಪರದೆ ಬಂತು, ಪ್ರಿಂಟರು ಕರಕರ ಎನ್ನುತ್ತಾ ಒಂದು ಚೀಲ ಸೋನಾ ಮಸೂರಿಯ ಬಿಲ್ ಹೊರಹಾಕಿತು. ಅದನ್ನು ಬೆಳಕಿಗೆ ಹಿಡಿದು ನೋಡಿ, “ಹಂಗಾರ ಹೊಳಿ ಆಚಿ ಗಿರಣಿಗೂ ಹಾಕಿಬಿಡ್ರಿ. ಇದ ಕೀಲಿ ನಡೀತೈತಲ್ಲ?” ಎಂದರು. ಗೆಳೆಯ ನನ್ನ ಮುಖ ನೋಡಲಿಲ್ಲ. “ಇಲ್ರೀ ಸಾಹುಕಾರ್ರ, ಅದಕ್ಕ ಬ್ಯಾರೆ” ಎಂದು ಹೇಳಿ, ಆಚೆ ಗಿರಣಿಯ ಹೆಸರಿನಲ್ಲಿ ಹೊಸದೊಂದು ಖಾತೆ ತೆರೆಯಲು ಲ್ಯಾಪ್‌ಟಾಪ್ ಬಿಚ್ಚಿದ.