ದಡವಿಲ್ಲದ ನೀರು

ದೆಹಲಿಯಲ್ಲಿರುವ ನಾವು ನಾಲ್ವರು ಕನ್ನಡಿಗರಿಗೆ ಸೈಕಲ್ ತುಳಿಯಲು ವರ್ಷದಲ್ಲಿ ನಿಜವಾಗಿ ಒದಗುವುದು ಐದಾರು ವಾರಗಳು ಮಾತ್ರ. ಮಳೆ ಹಿಂದೆಗೆದ ಸೆಪ್ಟೆಂಬರ್ ಕೊನೆಯಿಂದ, ಹೊಲ ಸುಟ್ಟ ಹೊಗೆ ಊರ ಮೇಲೆ ಕವಿಯುವ ತನಕ. ಅದಕ್ಕೆ ಮೊದಲು ಬಿಸಿಲು ಬಿಡುವುದಿಲ್ಲ, ಆಮೇಲೆ ಉಸಿರು ಬಿಡುವುದು ಕಷ್ಟ. ಆದ್ದರಿಂದ ಆ ಕೆಲವು ಭಾನುವಾರಗಳಲ್ಲಿ ಮದುವೆ, ನಾಮಕರಣ, ಸಂಘದ ಕಾರ್ಯಕ್ರಮ ಯಾವುದಕ್ಕೂ ನಾವು ಬೆಳಿಗ್ಗೆ ಹತ್ತಕ್ಕೆ ಮೊದಲು ಸಿಕ್ಕುವವರಲ್ಲ.

ನಾಲ್ಕೂವರೆಗೆ ರಾಮಕೃಷ್ಣಪುರದಿಂದ ಹೊರಟು, ಮೆಹ್ರೌಲಿ, ಛತ್ತರ್‌ಪುರ, ಫತೇಪುರ ಬೇರಿಗಳನ್ನು ದಾಟಿ, ಮಾಂಡಿ ಗ್ರಾಮದ ಮೂಲಕ ಗ್ವಾಲ್ ಪಹಾಡಿಗೆ ಬರುವಷ್ಟರಲ್ಲಿ ಬೆಳಕಾಗುತ್ತದೆ. ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಂಧವಾರಿಯ ಕಸದ ಗುಡ್ಡದ ವಾಸನೆಯನ್ನು ಮೂಗು ಮುಚ್ಚಿಕೊಂಡು ಹಾಯ್ದರೆ, ಮಾಂಗರ್ ಗ್ರಾಮದ ಆಸುಪಾಸಿನಲ್ಲಿ ಟಾರು ಮುಗಿದು ಜಲ್ಲಿಹಾದಿ ಆರಂಭ. ಅಲ್ಲಿಂದ ಮುಂದೆ ಒಂದು ಹಾರ್ನೂ ಕೇಳಿಸದು. ನವಿಲು ಕೂಗುತ್ತದೆ, ಕುರುಚಲಿನೊಳಗಿಂದ ಗೌಜಲಹಕ್ಕಿ ಫಡಫಡಿಸಿ ಏಳುತ್ತದೆ. ಉಳಿದಂತೆ ಟೈರಿನಡಿ ಕಲ್ಲು ಸರಿಯುವ ಸದ್ದು. ಎರಡೂವರೆ ಕೋಟಿ ಜನರ ನಡುವೆ ಬದುಕುವವರಿಗೆ ಈ ಸದ್ದು ಎಂಥದೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ.

ಇಂಥ ಹಾದಿಗೆಂದೇ ಈಗ ಬೇರೆ ಜಾತಿಯ ಸೈಕಲ್ ಬಂದಿದೆ. ಗ್ರಾವೆಲ್ ಬೈಕ್ ಎನ್ನುತ್ತಾರೆ: ಓಟದ ಸೈಕಲ್ಲಿನಂತೆ ಬಾಗಿದ ಹಿಡಿ, ಆದರೆ 40 ಮಿಲಿಮೀಟರ್‌ನಷ್ಟು ಅಗಲದ ಟೈರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ ಮೊದಲಾದ 200 ಮೈಲಿಯ ಜಲ್ಲಿಹಾದಿಯ ಓಟ ಈ ಹವ್ಯಾಸಕ್ಕೆ ಹೆಸರು ತಂದುಕೊಟ್ಟಿತು. 2022ರಲ್ಲಿ ಇಟಲಿಯಲ್ಲಿ ಇದಕ್ಕೊಂದು ವಿಶ್ವಚಾಂಪಿಯನ್‌ಶಿಪ್ಪೂ ನಡೆಯಿತು. ನಮ್ಮ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅಂಥ ಸೈಕಲ್ ಇದೆ. ಉಳಿದವರದು ಮಕ್ಕಳು ಬಿಟ್ಟುಕೊಟ್ಟದ್ದು. ಮುಳ್ಳಿಗೆ ಈ ಭೇದ ತಿಳಿಯದು. ಹಾದಿಯ ಇಕ್ಕೆಲದಲ್ಲಿಯೂ ಇಲ್ಲಿಯವರು ವಿಲಾಯತಿ ಕೀಕರ್ ಎನ್ನುವ ಗಿಡ ದಟ್ಟೈಸಿದೆ. ಅದು ನಮ್ಮ ಬಳ್ಳಾರಿ ಜಾಲಿಯೇ. ಊರಿನಲ್ಲಿ ಅದನ್ನು ಶಪಿಸುತ್ತ ಬೆಳೆದವರು ನಾವು. ಇಲ್ಲಿ ಅದನ್ನು ಕಂಡಾಗ ಊರಿನವರನ್ನು ಕಂಡಂತಾಗುವುದು ವಿಚಿತ್ರ. ಹಳೆಯ ಕಾಡು ಹೇಗಿತ್ತೆಂದು ನೋಡಬೇಕಾದರೆ ಮಾಂಗರ್ ಬನಿಯ ಅಂಚಿನಲ್ಲಿ ಸೈಕಲ್ ಇಳಿದು ನಿಲ್ಲಬೇಕು. ಗುದಡಿಯಾ ಬಾಬಾನ ಹೆಸರಿನ ದೇವರಕಾಡು ಅದು. ಟೊಂಗೆ ಮುರಿದವನಿಗೆ ಕೇಡು ತಪ್ಪದೆಂಬ ನಂಬಿಕೆಯಿಂದ ಧೌ ಮರಗಳು ಉಳಿದುಕೊಂಡಿವೆ. ನಮ್ಮ ದಿಂಡಿಗದ ದಾಯಾದಿ ಮರ ಅದು.

ಆ ಭಾನುವಾರ ಒಂದು ಏರು ಮುಗಿಸಿ ತಿರುಗಿದಾಗ ಕೆಳಗೆ ನೀರು ಕಂಡಿತು. ಸ್ಥಳದ ಗುರುತನ್ನು ಬೇಕೆಂದೇ ಬರೆಯುತ್ತಿಲ್ಲ. ಮೂರು ಕಡೆ ಕಡಿದು ನಿಲ್ಲಿಸಿದಂಥ ಕೆಂಗಲ್ಲಿನ ಗೋಡೆ, ನಡುವೆ ಅಲೆಯಿಲ್ಲದ ಕಡುನೀಲಿ. ಬೆಟ್ಟದ ಸರೋವರಗಳ ಚಿತ್ರಗಳನ್ನು ಪುಸ್ತಕಗಳಲ್ಲಿ ಮಾತ್ರ ಕಂಡು ಆಸೆಪಟ್ಟವರು ನಾವು. ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ನಮ್ಮಲ್ಲಿನ ತೀರ್ಥಹಳ್ಳಿಯವರು ಷೂ ಬಿಚ್ಚತೊಡಗಿದರು. ತುಂಗೆಯ ಸುಳಿಯಲ್ಲಿ ಈಜು ಕಲಿತವರು ಅವರು. ದೆಹಲಿಗೆ ಬಂದ ಹದಿನೆಂಟು ವರ್ಷಗಳಲ್ಲಿ ಹರವಾದ ನೀರಿಗೆ ಮೈಯೊಡ್ಡಿಲ್ಲವೆಂದು ವಾರಕ್ಕೊಮ್ಮೆಯಾದರೂ ಹೇಳದೆ ಇದ್ದವರಲ್ಲ. ನಾವು ತಡೆಯಲಿಲ್ಲ. ತಡೆಯಬೇಕೆಂದು ನಮಗೆ ಹೊಳೆಯಲೇ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಬ್ಬರಂತೂ ಫೋನು ತೆಗೆದು ಚಿತ್ರ ಹಿಡಿಯಲು ಕೋನ ನೋಡುತ್ತಿದ್ದರು.

ಅಂಗಿ ಕಳಚಿ ಅವರು ಬಂಡೆಯ ಅಂಚಿಗೆ ಹೋದಾಗ ಮೇಲಿನಿಂದ ಒಂದು ಕಲ್ಲು ಬಂದು ನೀರಿಗೆ ಬಿತ್ತು. ಅದರ ಹಿಂದೆಯೇ ಬೈಗುಳ. ಆಡು ಕಾಯುತ್ತಿದ್ದ ಮುದುಕರೊಬ್ಬರು ಕೋಲೂರಿಕೊಂಡು ಇಳಿದು ಬಂದರು. ಅರವತ್ತು ದಾಟಿದ್ದಿರಬೇಕು. ಸಿಟ್ಟಿನಿಂದಲೋ ಇಳಿದ ದಣಿವಿನಿಂದಲೋ ಕೆಮ್ಮು ಹತ್ತಿ, ಮಾತು ಶುರುಮಾಡಲು ಅವರಿಗೆ ಹೊತ್ತು ಹಿಡಿಯಿತು.

“ಇದು ಕೆರೆಯಲ್ಲ ಬಾಬೂಜಿ, ಗಣಿ. ಇದಕ್ಕೆ ದಡವಿಲ್ಲ.”

“ನನಗೆ ಈಜು ಬರುತ್ತೆ, ಚಾಚಾ,” ಎಂದರು ತೀರ್ಥಹಳ್ಳಿಯವರು.

“ಸತ್ತವರಿಗೂ ಬರುತ್ತಿತ್ತು. ಒಳಗೆ ಹೋಗುವುದು ಸುಲಭ. ಹತ್ತಿ ಬರಲು ಕೈ ಎಲ್ಲಿಡುತ್ತೀರಿ, ತೋರಿಸಿ.”

ನಾವೆಲ್ಲರೂ ನೋಡಿದೆವು. ಕೈ ಇಡುವ ಜಾಗ ಇರಲಿಲ್ಲ. ನೀರಿನ ಅಂಚಿನಿಂದ ಗೋಡೆ ನೇರವಾಗಿ ಎದ್ದಿತ್ತು, ನೀರಿನೊಳಕ್ಕೂ ಹಾಗೆಯೇ ನೇರವಾಗಿ ಇಳಿದಿತ್ತು. ಹೊಳೆಗೆ ಒಂದು ಇಳಿಜಾರಿರುತ್ತದೆ, ಕೆರೆಗೆ ಸೋಪಾನವೋ ಕೆಸರೋ ಇರುತ್ತದೆ. ಈ ನೀರಿಗೆ ಮೊಣಕಾಲುದ್ದದ ಆಳವೆಂಬುದೇ ಇಲ್ಲ. ಮೇಲ್ಪದರ ಬಿಸಿಲಿಗೆ ಬೆಚ್ಚಗಿದ್ದು ಕೆಳಗೆ ಚಳಿ ಕೊರೆಯುತ್ತದೆಂದೂ ಅವರೇ ಹೇಳಿದರು. ತೀರ್ಥಹಳ್ಳಿಯವರು ಅಂಗಿ ಹಾಕಿಕೊಂಡರು. ಗುಂಡಿ ಹಾಕುವಾಗ ಬೆರಳು ನಡುಗುತ್ತಿದ್ದುದನ್ನು ಕಂಡೂ ನಾವು ಕಾಣದವರಂತಿದ್ದೆವು.

“ಈ ನೀರಿನ ತಳಕ್ಕೆ ನಾನು ಲಾರಿ ಇಳಿಸಿದ್ದೇನೆ,” ಎಂದರು ಮುದುಕರು, ಒಂದು ಬೀಡಿ ಹಚ್ಚಿ. ಎಳೆಯ ವಯಸ್ಸಿನಲ್ಲಿ ದೆಹಲಿಯ ಲಾಲ್ ಕುವಾನಿನ ಕಲ್ಲುಪುಡಿ ಯಂತ್ರಗಳಲ್ಲಿ ಹೊರೆ ಹೊತ್ತಿದ್ದರಂತೆ. 1992ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಆ ಯಂತ್ರಗಳು ದೆಹಲಿ ಬಿಟ್ಟು ಹರಿಯಾಣದ ಪಾಲಿಯತ್ತ ಬಂದಾಗ ಅವರೂ ಬಂದರು, ಲಾರಿ ಕಲಿತರು. ಗಣಿ ಅಂತರ್ಜಲದ ಮಟ್ಟಕ್ಕಿಂತ ಕೆಳಕ್ಕೆ ಹೋಗಿತ್ತು. ಹಗಲಿರುಳೂ ಪಂಪು ಹಚ್ಚಿ ನೀರನ್ನು ಹೊರಗೆ ಚೆಲ್ಲುತ್ತಿದ್ದರು. 2002ರಲ್ಲಿ ನ್ಯಾಯಾಲಯ ಅರಾವಳಿಯ ಗಣಿಗಾರಿಕೆಗೆ ತಡೆ ಹಾಕಿತು, 2009ರಲ್ಲಿ ಫರೀದಾಬಾದ್, ಗುರುಗ್ರಾಮ, ಮೇವಾತ್‌ಗಳಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿತು. ಪಂಪು ನಿಂತಿತು, ನೀರು ಏರಿತು. “ನೀವು ಸೈಕಲ್ಲಿನಲ್ಲಿ ಬಂದಿರಲ್ಲ, ಅದು ನಮ್ಮ ಲಾರಿಯ ದಾರಿ. ಆಗ ಇಲ್ಲಿ ನಿಂತು ಮಾತಾಡಿದರೆ ಒಬ್ಬರದು ಒಬ್ಬರಿಗೆ ಕೇಳುತ್ತಿರಲಿಲ್ಲ.”

ನಾವು ತೆಗಳಲೂ ಆಗದೆ ಹೊಗಳಲೂ ಆಗದೆ ಕೂತೆವು. ಗಣಿ ನಿಂತದ್ದು ಒಳ್ಳೆಯದೇ ಆಯಿತೆಂಬುದು ನಮ್ಮ ಅಭಿಪ್ರಾಯ, ಇಂದಿಗೂ ಹೌದು. ಸಮೀಪದ ಬಡಖಲ್ ಕೆರೆಯನ್ನು ನೋಡಿದರೆ ಸಾಕು. ದೋಣಿವಿಹಾರಕ್ಕೆ ದೆಹಲಿಯವರೆಲ್ಲ ಮುಗಿಬೀಳುತ್ತಿದ್ದ ಕೆರೆ. ಅದನ್ನೂ ಸೂರಜ್‌ಕುಂಡವನ್ನೂ ಉಳಿಸಲು ಸುತ್ತಲಿನ ಗಣಿಗಳಿಗೆ ನ್ಯಾಯಾಲಯ 1996ರಲ್ಲಿಯೇ ಮಿತಿ ಹಾಕಿತ್ತು. ಆದರೂ ಕೆರೆ ಬತ್ತಿ ಹುಲ್ಲುಗಾವಲಾಯಿತು. ಈಗ ಸಂಸ್ಕರಿಸಿದ ಕೊಳಚೆ ನೀರನ್ನು ಹರಿಸಿ ತುಂಬಿಸುವ ಯೋಜನೆ ನಡೆದಿದೆ. ಬೆಟ್ಟದ ಒಡಲಿನ ನೀರು ಕೆರೆಗೆ ಬಾರದೆ ಕಲ್ಲು ಕಿತ್ತ ಗುಂಡಿಗಳಲ್ಲಿ ನಿಂತಿದೆ. ನಾವು ಅದನ್ನು ಸರೋವರವೆಂದು ಭಾವಿಸಿ ನಾಲ್ಕೂವರೆಗೆ ಎದ್ದು ಬರುತ್ತೇವೆ.

ಕಿತ್ತ ಕಲ್ಲು ಎಲ್ಲಿಗೆ ಹೋಯಿತೆಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ನೂರು ಕೋಟಿ ವರ್ಷಗಳಿಗೂ ಹಳೆಯದಾದ ಈ ಬೆಣಚುಕಲ್ಲು ಸವೆದು ಆದ ದಪ್ಪ ಮರಳಿಗೆ ದೆಹಲಿಯ ಗಾರೆಯವರು ‘ಬದರ್‌ಪುರ್’ ಎನ್ನುತ್ತಾರೆ. ನಾವಿರುವ ಹಳೆಯ ಸರಕಾರಿ ವಸತಿಗೃಹದ ಗೋಡೆಗೆ ಮೊಳೆ ಹೊಡೆದಾಗ ಉದುರುವ ಕೆಂಪು ಹರಳು ಅದೇ ಇರಬೇಕು. 1991ರಲ್ಲಿ ಅಸೋಲಾ ಅಭಯಾರಣ್ಯಕ್ಕೆ ಸೇರಿದ ಭಾಟಿ ಗಣಿಗಳಲ್ಲಿ ಅದನ್ನು ಅಗೆದವರು ಓಡ್ ಜನ; ದೇಶವಿಭಜನೆಯ ಕಾಲದಲ್ಲಿ ಗಡಿಯಾಚೆಯಿಂದ ಬಂದವರು, ಭಗೀರಥನೇ ತಮ್ಮ ಮೂಲಪುರುಷನೆನ್ನುವವರು. ನಮ್ಮ ಉಪ್ಪಾರರೂ ಭಗೀರಥನನ್ನು ಹಾಗೆಯೇ ನೆನೆಯುತ್ತಾರೆ. ನಮ್ಮ ಒಡ್ಡರ ಹೆಸರಂತೂ ಓಡ್ ಎಂಬುದಕ್ಕೆ ಕಿವಿಯಲ್ಲಿಯೇ ತಾಗುತ್ತದೆ. ಒಡ್ಡರ ಗುರು ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನು. ನೆಲ ಅಗೆಯುವ ಅದೇ ವಿದ್ಯೆ ಅಲ್ಲಿ ಕೆರೆಗಳನ್ನು ಕೊಟ್ಟಿತು, ಇಲ್ಲಿ ಇವನ್ನು.

ಎಂ.ಎ. ತರಗತಿಯಲ್ಲಿ ಓದಿದ ವರ್ಡ್ಸ್‌ವರ್ತ್ ಆಗ ನೆನಪಾದದ್ದು ನಮ್ಮ ಅಭ್ಯಾಸಬಲ. 1844ರಲ್ಲಿ ಇಂಗ್ಲೆಂಡಿನ ಸರೋವರ ಸೀಮೆಯ ವಿಂಡರ್ಮಿಯರಿಗೆ ರೈಲು ಬರುವುದನ್ನು ಆತ ವಿರೋಧಿಸಿದ. ಕಾರ್ಖಾನೆ ಊರುಗಳ ಜನ ಗುಂಪುಗುಂಪಾಗಿ ಬಂದು ಸೀಮೆಯ ನೆಮ್ಮದಿ ಕೆಡಿಸುತ್ತಾರೆಂಬುದು ಅವನ ಅಳಲು. ಅದೇ ಸೀಮೆಯ ಕೆಸ್ವಿಕ್‌ನಲ್ಲಿ ಕಬ್ಬಿಣದ ಉದ್ಯಮಕ್ಕೆ ಸರಕು ಹೊರಲೆಂದು ಮುಂದೆ ಹಾಕಿದ ಇನ್ನೊಂದು ರೈಲುಹಾದಿ 1972ರಲ್ಲಿ ಮುಚ್ಚಿತು. ಇಂದು ಅದು ವಾಹನಗಳಿಲ್ಲದ ಸೈಕಲ್ ದಾರಿ. ಇದನ್ನು ಓದಿದ್ದಾಗ ನಾವು ಕವಿಯ ಪಕ್ಷದಲ್ಲಿದ್ದೆವು. ಆ ಬಂಡೆಯ ಮೇಲೆ ಕೂತಾಗ, ಗುಂಪಾಗಿ ಬಂದವರು ನಾವೇ ಎಂಬುದು ತಿಳಿಯಿತು.

ಹೊರಡುವಾಗ ಒಂದು ಚಕ್ರದ ಗಾಳಿ ಇಳಿದಿತ್ತು, ಜಾಲಿಮುಳ್ಳೇ. ಟ್ಯೂಬು ಬದಲಿಸಿ ಹರಿದದ್ದನ್ನು ಚೀಲಕ್ಕೆ ತುರುಕುತ್ತಿದ್ದಾಗ ಮುದುಕರು, “ಅದು ನಿಮಗೆ ಬೇಡದ್ದಾದರೆ ಕೊಟ್ಟುಬಿಡಿ, ಸೌದೆ ಹೊರೆ ಕಟ್ಟಲು ಆಗುತ್ತದೆ,” ಎಂದರು. ಕೊಟ್ಟೆವು. ಮನೆಯಲ್ಲಿ ಇನ್ನೂ ಇವೆ, ಮುಂದಿನ ವಾರ ತರುತ್ತೇವೆಂದೆವು.

ಮುಂದಿನ ಭಾನುವಾರ ಏಳು ಹಳೆಯ ಟ್ಯೂಬುಗಳನ್ನು ಹಿಡಿಗೆ ಸುತ್ತಿಕೊಂಡು ಹೋದೆವು. ಆಡುಗಳು ಅಲ್ಲಿಯೇ ಇದ್ದವು, ಕಾಯುತ್ತಿದ್ದವನು ಹನ್ನೆರಡರ ಹುಡುಗ. ಅಜ್ಜ ಎಲ್ಲಿ ಎಂದು ಕೇಳಿದೆವು.

“ದಿಲ್ಲಿಗೆ ಹೋಗಿದ್ದಾರೆ, ಎದೆಯ ಫೋಟೋ ತೆಗೆಸೋಕೆ,” ಎಂದ. ಟ್ಯೂಬುಗಳನ್ನು ಒಂದೊಂದಾಗಿ ಎಳೆದು ನೋಡಿ, ಗಟ್ಟಿಯಾದ ಐದನ್ನು ಇಟ್ಟುಕೊಂಡು ಎರಡನ್ನು ಹಿಂದಕ್ಕೆ ಕೊಟ್ಟ. ತೀರ್ಥಹಳ್ಳಿಯವರು ಅವನ್ನು ಚೀಲಕ್ಕೆ ಹಾಕಿಕೊಂಡು, ನೀರಿನ ಕಡೆಗೆ ಹೋಗುವ ದಾರಿಯಲ್ಲಿ ಆ ದಿನ ತಾವೇ ಮುಂದಾಗಿ ಸೈಕಲ್ ಅಡ್ಡ ನಿಲ್ಲಿಸಿ ಕೂತರು. ಗುರುಗ್ರಾಮದ ಕಡೆಯಿಂದ ಕಾಲೇಜು ಹುಡುಗರ ಗುಂಪೊಂದು ಬೈಕುಗಳನ್ನು ಕೆಳಗೆ ಬಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಹತ್ತಿ ಬರುತ್ತಿತ್ತು.